ಹೊಂಗೆ ಮರದ ನೆರಳು ಬೀಳುವಷ್ಟು ಜಾಗ

ಆ ದಿನ ಮಂಗಳವಾರ. ಬಾಗಿಲಿಗೆ ನೀರು ಹಾಕಿ, ಹುರುಳಿಕಾಳು ಬೇಯಲು ಇಟ್ಟಿದ್ದೆ. ನನ್ನ ಗಂಡ ಜಗಲಿಯ ಮೇಲೆ ಕುಳಿತು, ಹನೂರಿನಿಂದ ಬಂದಿದ್ದ ಒಂದು ಸುಟ್ಟ ಮೋಟಾರಿಗೆ ಹೊಸ ತಂತಿಯ ಕಡೆಯ ಸುತ್ತು ಸುತ್ತುತ್ತಿದ್ದರು. ಕೊಳ್ಳೇಗಾಲದಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಅಂಗಡಿಯಲ್ಲಿ ಜಾಗ ಸಾಲದೆ ಅರ್ಧ ಕೆಲಸ ಮನೆಗೆ ಬರುತ್ತಿತ್ತು. ಮನೆಯೆಲ್ಲ ವಾರ್ನಿಷ್ ವಾಸನೆ. ಅದಕ್ಕೂ ನಾನು ಬೈಯುತ್ತಿದ್ದೆ.

ಅಂದು ಬೈದದ್ದು ಬೇರೆ ವಿಷಯಕ್ಕೆ. ಮಧುವನಹಳ್ಳಿಯ ಜಮೀನಿನ ಒಪ್ಪಂದವನ್ನು ಸರಿಯಾಗಿ ಬರೆಸಿಕೊಂಡು ಬನ್ನಿ ಎಂದು ನಾನು ಎಂಟು ವರ್ಷದಿಂದ ಹೇಳುತ್ತಲೇ ಇದ್ದೆ.

“ಬರೆಸವ ಬುಡು,” ಅಂದರು.

“ಯಾವಾಗ?”

“ಅವ್ನೇನ್ ಓಡೋಯ್ತಾನ? ಮಾತ್ ಕೊಟ್ಟವ್ನ.”

“ನೀವೂ ಈ ಮೋಟಾರ್‌ನವ್ರಿಗ ಮಾತ್ ಕೊಟ್ಟಿದ್ರಿ. ಶುಕ್ರವಾರ ಕೊಡ್ತೀನಿ ಅಂತ. ಇವತ್ತು ಮಂಗಳವಾರ.”

ಅವರು ತಲೆ ಎತ್ತದೆ ನಕ್ಕರು. “ಯಾವ್ ಶುಕ್ರವಾರ ಅಂತ ನಾನೇನಾರ ಏಳಿದ್ನ?”

ಮಧ್ಯಾಹ್ನ ಮುದ್ದೆ ಉಂಡು ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಹನೂರಿಗೆ ಹೋದರು. ಸಂಜೆ ಬಂದರು. ಟಿವಿ ನೋಡಿದರು. ಸಾರಿಗೆ ಉಪ್ಪು ಕಡಿಮೆ ಎಂದರು. ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲೇ ಕುಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿದೆ ಎಂದರು.

ಆ ಒಪ್ಪಂದ ಏನೆಂದು ಹೇಳಬೇಕು.

ಮಧುವನಹಳ್ಳಿಯಲ್ಲಿ ಅವರ ಅಪ್ಪನ ಕಾಲದ ಜಮೀನಿತ್ತು. ವೈಂಡಿಂಗ್ ಕೆಲಸ ಹಿಡಿದ ಮೇಲೆ ಅವರು ನೇಗಿಲಿನ ಕಡೆ ತಿರುಗಿ ನೋಡಿರಲಿಲ್ಲ. ಪಕ್ಕದ ಜಮೀನಿನವನು ಕೇಳಿದ, ಮಾರಿದೆವು. ಆತ ಒಳ್ಳೆಯವನೇ. ನನ್ನ ಗಂಡನನ್ನು ಅಣ್ಣ ಎಂದು, ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ. ಜಮೀನಿನ ನಡುವೆ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ನನ್ನ ಮಾವ, ಅತ್ತೆ ಇದ್ದಾರೆ. ನಮ್ಮವರಲ್ಲಿ ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಕೊಟ್ಟು ಮಣ್ಣು ಮಾಡುತ್ತೇವೆ. ಆಮೇಲೆ ಅಮಾವಾಸ್ಯೆಗೊಮ್ಮೆ ಹೋಗಿ ವಿಭೂತಿ ಹಚ್ಚಿ, ಹೂವಿಟ್ಟು, ಸ್ವಲ್ಪ ಹೊತ್ತು ಕುಳಿತು ಬರುತ್ತೇವೆ. ಮನೆಯ ಸುದ್ದಿ ಹೇಳುವುದೂ ಉಂಟು. ನನ್ನ ಗಂಡ ತಾಯಿಯ ಸಮಾಧಿಯ ಮುಂದೆ ಕುಳಿತು ನನ್ನ ಮೇಲೆ ಚಾಡಿ ಹೇಳುತ್ತಿದ್ದರು, ನನಗೆ ಕೇಳುವ ಹಾಗೆಯೇ.

ಜಮೀನು ಕೊಟ್ಟರೂ ಆ ಜಾಗ ಕೊಡುವ ಹಾಗಿರಲಿಲ್ಲ. ಆತನೂ ಬೇಡ ಎನ್ನಲಿಲ್ಲ. ಆದರೆ ಪತ್ರ ಬರೆಸುವ ದಿನ ಹೊಸ ತಕರಾರು ತೆಗೆದ.

“ಸಮಾಧಿ ಅಂತ ಬರೆಸ್ಬ್ಯಾಡ ಕಣಣ್ಣ. ಜಮೀನ್ ತಕ್ಕಳ ದಿನ್ವೇ ಸಾವಿನ್ ಮಾತ್ ಬರ್ಸ್ಕಂಡ್ ಓದ್ರ ನಮ್ಮವ್ವ ಮನ್ಗ ಸೇರ್ಸಲ್ಲ.”

ನನ್ನ ಗಂಡನಿಗೂ ಅದು ಸರಿ ಎನ್ನಿಸಿತು. ಕ್ರಯಪತ್ರ ಬೇರೆ ಆಯಿತು, ಮಾತಿನ ಕಾಗದ ಬೇರೆ ಛಾಪಾ ಕಾಗದದ ಮೇಲೆ ಆಯಿತು. ಅದರಲ್ಲೂ ಸಮಾಧಿ ಎಂಬ ಪದ ಇಲ್ಲ. ಪತ್ರ ಬರೆಯುವವರು ಉದ್ದ ಎಷ್ಟು, ಅಗಲ ಎಷ್ಟು ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹಿರಿಯರ ಮಣ್ಣಿಗೆ ಟೇಪು ಹಿಡಿಯಬಾರದು, ಹಿಡಿದರೆ ಇನ್ನೊಬ್ಬರಿಗೆ ಜಾಗ ಕೇಳುತ್ತದೆ ಎಂದು ಅವರ ಮನೆಯಲ್ಲಿ ಒಂದು ನಂಬಿಕೆ. ಆಗ ನನ್ನ ಗಂಡನೇ ಉಪಾಯ ಹೇಳಿದರು.

“ಒಂಗೆ ಮರದ್ ನೆಳ್ಳು ಬೀಳವಷ್ಟು ಜಾಗ ಅಂತ ಬರೀರಿ ಸಾ. ಮುಗೀತು.”

ಎಲ್ಲರಿಗೂ ಹಿಡಿಸಿತು. ಪತ್ರ ಬರೆಯುವವರು ಕೂಡ ಇಂಥ ಚೆಂದದ ವಾಕ್ಯ ಬರೆದು ಬಹಳ ದಿನವಾಯಿತು ಎಂದರು. ಸುಳ್ಳು ಹೇಳಬಾರದು, ನನಗೂ ಚೆನ್ನಾಗಿದೆ ಎನ್ನಿಸಿತು. ಮನೆಗೆ ಬಂದು ಒಗ್ಗರಣೆ ಹಾಕುವಾಗ ಹೊಳೆಯಿತು, ನೆರಳು ಒಂದು ಕಡೆ ನಿಲ್ಲುವುದಿಲ್ಲವಲ್ಲ ಎಂದು. ಅಂದಿನಿಂದ ಸರಿಯಾಗಿ ಬರೆಸಿ ಎಂದು ಹೇಳಲು ಶುರು ಮಾಡಿದೆ. ಅವರು ಬರೆಸವ ಬುಡು ಎನ್ನಲು ಶುರು ಮಾಡಿದರು.

ಅವರು ಹೋದ ದಿನ ಮಾತ್ರ ಯಾವ ಕಾಗದವೂ ಬೇಕಾಗಲಿಲ್ಲ. ಸುದ್ದಿ ತಿಳಿದ ಕೂಡಲೆ ಜಮೀನಿನವನೇ ಹಾರೆ, ಗುದ್ದಲಿ ತೆಗೆದುಕೊಂಡು ಮರದ ಕೆಳಗೆ ಅಗೆಯಲು ನಿಂತನಂತೆ. ಸಂಜೆ ನಾಲ್ಕೂವರೆಗೆ ತಾಯಿಯ ಪಕ್ಕದಲ್ಲಿ ಅವರನ್ನು ಕೂರಿಸಿದೆವು. ಆತ ಅತ್ತ. ನಾನು ಅದನ್ನು ಮರೆತಿಲ್ಲ. ಮರೆಯಲಾಗದೆ ಇರುವುದೇ ಕಷ್ಟವಾಗಿದೆ. ಪೂರ್ತಿ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮೊದಲ ಮೂರು ಅಮಾವಾಸ್ಯೆ ಹೋದೆ. ಹನೂರಿನ ಬಸ್ಸಿನಲ್ಲಿ ಹೋಗಿ ಇಳಿದು, ಹೊಲದ ಬದುವಿನ ಮೇಲೆ ನಡೆದು ಹೋಗಿ ಮರದ ಕೆಳಗೆ ಕೂರುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ. ಅಂಗಡಿಯನ್ನು ಏನು ಮಾಡಿದೆ, ಯಾರ ಮೋಟಾರು ಯಾರಿಗೆ ಕೊಟ್ಟೆ ಎಂದು ಹೇಳುತ್ತಿದ್ದೆ. ಒಂದು ದಿನ ಎಷ್ಟು ಜೋರಾಗಿ ಬೈದೆನೆಂದರೆ ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನೋಡಿದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಬೇಕೆನ್ನಿಸಿದಾಗ ಹೋಗಬೇಕು, ಕೂರಬೇಕು, ಬರಬೇಕು. ಈಗಲೂ ಬೇಕಾಗಿರುವುದು ಅಷ್ಟೇ.

ನಾಲ್ಕನೆಯ ತಿಂಗಳು ನನಗೆ ಜ್ವರ, ಹೋಗಲಾಗಲಿಲ್ಲ. ಆ ತಿಂಗಳು ಗಾಳಿ ಮಳೆ ಬಂತು. ಐದನೆಯ ತಿಂಗಳು ಹೋದರೆ ಮರ ಇಲ್ಲ. ಬಿದ್ದ ಮರವನ್ನು ಜಮೀನಿನವನು ಕಡಿದು ಸಾಗಿಸಿದ್ದಷ್ಟೇ ಅಲ್ಲ, ಜೆಸಿಬಿ ತಂದು ಬೊಡ್ಡೆಯನ್ನೂ ಕಿತ್ತು, ಗುಂಡಿ ಮುಚ್ಚಿ, ಉತ್ತು ಮಟ್ಟ ಮಾಡಿದ್ದ. ಬಾಳೆ ನೆಡಲು ಗುರುತು ಹಾಕಿತ್ತು. ಮೂರು ಮಣ್ಣಿನ ದಿಬ್ಬಗಳಿಗೆ ಎರಡು ಅಡಿ ಬಿಟ್ಟು ಸುತ್ತ ನೇಗಿಲ ಗೆರೆ. ನನ್ನ ಗಂಡನ ಬೆನ್ನಿನ ಕಡೆ ಒಂದೇ ಅಡಿ.

ಆತನನ್ನು ಕರೆಸಿ ಕೇಳಿದೆ.

“ನೆಳ್ಳು ಬೀಳವಷ್ಟು ಅಂತಲ್ವ ಅಕ್ಕ ಬರ್ದಿರದು? ಮರವೇ ಇಲ್ಲ ಅಂದ್ಮೇಲ ನೆಳ್ಳೆಲ್ಲಿಂದ ತರನ?” ಎಂದ. ಎಂದವನು ನನ್ನ ಮುಖ ನೋಡಿ, “ತಮಾಸೆಗ್ ಅಂದಿ ಕಣಕ್ಕ. ನೀವ್ ಏಳ್ದಂಗ ಮಾಡವ,” ಎಂದ.

ನಾನು ಹೇಳಿದ ಹಾಗೆ ಆತ ಏನನ್ನೂ ಮಾಡಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಫೋನ್ ಮಾಡಿದರೆ ಎರಡನೆಯ ರಿಂಗಿಗೇ ಎತ್ತುತ್ತಿದ್ದ. “ಆಯ್ತು ಕಣಕ್ಕ,” “ಅಂಗೇ ಮಾಡವ ಕಣಕ್ಕ,” “ನಿಮ್ಮಾತ್ ಮೀರಿವ್ನ ಅಕ್ಕ?” ಈ ಮೂರು ಮಾತು. ಅಷ್ಟರಲ್ಲಿ ಬಾಳೆ ನೆಟ್ಟೂ ಆಗಿತ್ತು.

ಯಳಂದೂರಿನ ಪಕ್ಕದ ಅಗರದಲ್ಲಿ ನನ್ನ ತವರು. ಅಲ್ಲಿಂದ ನಮ್ಮಣ್ಣನನ್ನು ಕರೆಸಿದೆ. ನಮ್ಮಣ್ಣ ನಿಧಾನದವನು. ಮೊದಲು ಕಾಫಿ ಕುಡಿದ. ಆಮೇಲೆ ಛಾಪಾ ಕಾಗದವನ್ನು ಎರಡು ಸಲ ಓದಿದ.

“ಇದ್ಯಾವನ್ ಬರ್ದದ್ದು?”

“ನಿಮ್ ಭಾವ ಏಳಿದ್ದು.”

“ಅದೇ ಅನ್ಕಂಡಿ,” ಎಂದು ಕಾಗದ ಮಡಿಸಿದ. “ತಂತಿ ಎಷ್ಟ್ ಸುತ್ತು ಅಂತ ಎಣಿಸ್ಕಂಡ್ ಸುತ್ತ ಮನ್ಷ, ಇಲ್ಲಿಗ್ ಬಂದು ನೆಳ್ಳು ಅಂದ್ಬುಟ್ನಲ್ಲ.”

ಒಂದು ಭಾನುವಾರ ಮಧುವನಹಳ್ಳಿಯ ಹಿರಿಯರನ್ನು ಸೇರಿಸಿದೆವು. ನಾಲ್ಕು ಜನ ಬಂದರು. ಅವರಲ್ಲಿ ಒಬ್ಬರು ನನ್ನ ಗಂಡನಿಗೆ ದೊಡ್ಡಪ್ಪನ ವರಸೆ. ಮಾತೆಲ್ಲ ಅವರದೇ. ಕಾಗದ ಓದಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, “ಯಾವೊತ್ತಿನ ನೆಳ್ಳು?”

ನನ್ನ ಫೋನಿನಲ್ಲಿ ಗಂಡನನ್ನು ಮಣ್ಣು ಮಾಡಿದ ದಿನದ ಒಂದು ಫೋಟೋ ಇತ್ತು, ಯಾರೋ ನೆಂಟರು ಕಳಿಸಿದ್ದು. ಅದರಲ್ಲಿ ಮರದ ನೆರಳು ಚೆನ್ನಾಗಿ ಕಾಣುತ್ತಿತ್ತು. ನೋಡಲು ಮನಸ್ಸಿಲ್ಲದಿದ್ದರೂ ತೆಗೆದು ತೋರಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

“ಇದು ಸಾಯಂಕಾಲದ್ ನೆಳ್ಳು ಕಣವ್ವ. ಇದ್ನ ಇಟ್ಕಂಡ್ರ ಅನೂರ್‌ಗಂಟ ನಿಮ್ದೇಯ. ಬೆಳಗಾನದ್ ಇಟ್ಕಂಡ್ರ ಕೊಳ್ಳೇಗಾಲದ್ ಗಂಟ ನಿಮ್ದೇಯ. ಮದ್ಯದಲ್ಲಿ ನಾವ್ ಎಲ್ಗೋಗವ?”

ಎಲ್ಲರೂ ನಕ್ಕರು. ನಮ್ಮಣ್ಣನೂ ನಕ್ಕ. ನಾನು ಫೋನನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದೆ. ಅವರು ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಇದೇ ಜನ ಎರಡು ರಾಜ್ಯಗಳ ನೀರಿನ ಒಪ್ಪಂದದಲ್ಲಿ ಯಾರು ಎಲ್ಲಿ ತಪ್ಪಿದರು ಎಂದು ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಹೇಳಬಲ್ಲರು. ಮೂರು ಸಮಾಧಿಯ ಜಾಗ ಎಷ್ಟು ಎಂದು ಹೇಳಲು ಅವರಿಗೆ ಎರಡು ಭಾನುವಾರ ಬೇಕಾಯಿತು.

ನಟ್ಟ ನಡು ಮಧ್ಯಾಹ್ನದ ನೆರಳು ಎಂದು ಕಡೆಗೆ ಒಪ್ಪಿದರು. ಮರ ಇಲ್ಲವಲ್ಲ, ಅಳೆಯುವುದು ಹೇಗೆ? ಅಷ್ಟೇ ವಯಸ್ಸಿನ ಇನ್ನೊಂದು ಹೊಂಗೆ ಮರ ಊರ ಆಚೆ ದೊಡ್ಡಪ್ಪನ ಹೊಲದಲ್ಲಿ ಇತ್ತು. ಅದರ ನೆರಳನ್ನು ಅಳೆದು ತಂದು ಇಲ್ಲಿ ಹಾಕೋಣ ಎಂದರು. ಟೇಪು ಹಿಡಿಯುವ ಹಾಗಿಲ್ಲ, ಅದಕ್ಕೆ ದನ ಕಟ್ಟುವ ಹಗ್ಗ.

ಮುಂದಿನ ಭಾನುವಾರ ಹನ್ನೆರಡು ಗಂಟೆಗೆ ಏಳು ಜನ ಆ ಮರದ ಕೆಳಗೆ ನಿಂತೆವು. ಮೋಡ ಮುಚ್ಚಿಕೊಂಡಿತು. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಮೋಡ ಬರುತ್ತಲೇ ಇತ್ತು. ನೆರಳು ಎಂಬುದೇ ಇಲ್ಲ. ಕುಳಿತೆವು. ಯಾರೋ ಕಡಲೆಕಾಯಿ ತಂದರು. ಹನ್ನೆರಡೂವರೆಗೆ ಬಿಸಿಲು ಬಂತು.

“ಎದ್ದೇಳ್ರಲಾ, ಇಡ್ಕಳ್ರಿ ಅಗ್ಗ,” ಎಂದು ದೊಡ್ಡಪ್ಪ ಕೂಗಿದರು. ಹಗ್ಗದ ಒಂದು ತುದಿ ಜಮೀನಿನವನ ಕೈಯಲ್ಲಿ, ಇನ್ನೊಂದು ತುದಿ ನಮ್ಮಣ್ಣನ ಕೈಯಲ್ಲಿ. ಗಂಟು ಹಾಕುವಷ್ಟರಲ್ಲಿ ಬಿಸಿಲು ಹೋಯಿತು.

“ನಿಮ್ ಭಾವ ಇದ್ದಿದ್ರ ಒಳ್ಳೆ ನಗ್ತಿದ್ದ,” ಎಂದು ಜಮೀನಿನವನು ನಮ್ಮಣ್ಣನಿಗೆ ಹೇಳಿದ.

“ಅವ್ನಿದ್ದಿದ್ರ ನಾವ್ಯಾಕ ಅಗ್ಗ ಇಡ್ಕಂಡ್ ನಿಂತ್ಕತಿದ್ವೋ,” ಎಂದ ನಮ್ಮಣ್ಣ.

ಮತ್ತೆ ಬಿಸಿಲು ಬಂದಾಗ ನೆರಳಿನ ಅಂಚಿಗೆ ಹಗ್ಗ ಹಿಡಿದು ಗಂಟು ಹಾಕಿದರು. ನಾನು ಈ ಮರ ಚಿಕ್ಕದು, ನಮ್ಮ ಮರದ ಕೊಂಬೆ ಇನ್ನೂ ಅಗಲ ಇತ್ತು ಎಂದೆ. ಜಮೀನಿನವನು ನಮ್ಮ ಮರಕ್ಕೆ ಪಡುವಣ ಕಡೆ ಕೊಂಬೆಯೇ ಇರಲಿಲ್ಲ ಎಂದ. ಇರಲಿಲ್ಲ ಎಂಬುದು ನಿಜ. ಆ ಕೊಂಬೆಯನ್ನು ಕಡಿದವನೂ ಆತನೇ. ದೊಡ್ಡಪ್ಪ ಇಬ್ಬರ ಮಾತನ್ನೂ ಇಟ್ಟುಕೊಂಡು ಒಂದು ಮಾರು ಸೇರಿಸಿ ಅರ್ಧ ಮಾರು ಕಳೆದರು. ಆ ಹಗ್ಗವನ್ನು ಹೊತ್ತುಕೊಂಡು ಹೋಗಿ ನಮ್ಮ ಜಾಗದ ಸುತ್ತ ಹಿಡಿದು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು. ಒಳಗೆ ಬಂದಿದ್ದ ಐದು ಬಾಳೆ ಸಸಿಯನ್ನು ಜಮೀನಿನವನೇ ಕಿತ್ತ. ಮೂರು ಸಮಾಧಿ ಇದ್ದು ಇನ್ನೊಂದಕ್ಕೆ ಜಾಗ ಉಳಿಯಿತು. ಆ ಇನ್ನೊಂದು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಅಂದು ಸಮಾಧಾನವಾಗಿತ್ತು.

ಈ ಸಲ ಕಾಗದ ಗಟ್ಟಿಯಾಗಿ ಆಗಬೇಕೆಂದು ನಾನೇ ಮುಂದೆ ನಿಂತೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ನನಗೇನು ಓದಲು ಬಾರದೆ? ಕೊಳ್ಳೇಗಾಲದ ಅದೇ ಪತ್ರ ಬರೆಯುವವರ ಬಳಿ ಹೋದೆವು. ಅವರು ಹಳೆಯ ಕಾಗದ ನೋಡಿ, “ಇದ್ಯಾರು ಬರೆದದ್ದು?” ಎಂದು ಕೇಳಿದರು. ನೀವೇ ಎಂದೆ. “ಆಗೆಲ್ಲ ಹಾಗೆ ನಡೀತಿತ್ತಮ್ಮ,” ಎಂದರು. ಎಂಟು ವರ್ಷದ ಹಿಂದಿನದು ಅವರಿಗೆ ಆಗಿನ ಕಾಲ.

ಈಗ ಸಮಾಧಿ ಎಂದೇ ಬರೆಸಿದೆ. ಉದ್ದ ಇಷ್ಟು ಅಡಿ, ಅಗಲ ಇಷ್ಟು ಅಡಿ; ಟೇಪು ಹಿಡಿದದ್ದು ಹಗ್ಗಕ್ಕೆ, ಮಣ್ಣಿಗಲ್ಲ. ನಾಲ್ಕು ಕಲ್ಲು. ನಂತರ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ. ಅವರು ಓದುತ್ತಾ ಹೋದರು. ಪೂರ್ವಕ್ಕೆ ಜಮೀನು ಕೊಂಡವರ ಜಮೀನು. ಪಶ್ಚಿಮಕ್ಕೆ ಜಮೀನು ಕೊಂಡವರ ಜಮೀನು. ಉತ್ತರಕ್ಕೆ ಅದೇ. ದಕ್ಷಿಣಕ್ಕೆ ಅದೇ. ಸರಿಯಾ ಎಂದು ಕೇಳಿದರು. ಸರಿ ಎಂದೆ. ಮಾವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಅದನ್ನು ಹಿಡಿದು ತಿದ್ದಿಸಿದೆ. ತಪ್ಪು ಹಿಡಿದೆನೆಂದು ಹೆಮ್ಮೆಯೂ ಆಯಿತು. ನಮ್ಮಣ್ಣ, ದೊಡ್ಡಪ್ಪ ಸಾಕ್ಷಿ ಹಾಕಿದರು. ಎಲ್ಲರೂ ಹೋಟೆಲಿಗೆ ಹೋಗಿ ಇಡ್ಲಿ ತಿಂದೆವು. ಜಮೀನಿನವನು ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದ. ಮನೆ ಇಲ್ಲೇ ಹತ್ತಿರ ಎಂದೆ.

ನಾಲ್ಕು ದಿಕ್ಕಿಗೂ ಆತನ ಜಮೀನು ಎಂದರೆ ಏನರ್ಥ ಎಂದು ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮರ ಇದ್ದಾಗ ಬದುವಿನ ಮೇಲೆ ನಡೆದು ಹೋಗುತ್ತಿದ್ದೆವು. ದಾರಿ ಎಂದು ಅದನ್ನು ಯಾರೂ ಕರೆದಿರಲಿಲ್ಲ. ಹೋಗುತ್ತಿದ್ದೆವು, ಅಷ್ಟೇ.

ಎರಡು ತಿಂಗಳ ನಂತರದ ಅಮಾವಾಸ್ಯೆ. ಹೂವು, ವಿಭೂತಿ, ಅವರಿಗೆ ಇಷ್ಟ ಎಂದು ಎರಡು ಒಬ್ಬಟ್ಟು ಹಿಡಿದುಕೊಂಡು ಬಸ್ಸಿಳಿದೆ. ಬದು ಇರಲಿಲ್ಲ. ಬಾಳೆಗೆ ಹನಿ ನೀರಾವರಿಯ ಪೈಪು ಎಳೆಯಲು ಬದುವನ್ನು ಒಡೆದು ಸಮ ಮಾಡಿದ್ದ. ಹಂದಿ ಬರುತ್ತದೆಂದು ಸುತ್ತ ಸೋಲಾರ್ ತಂತಿ ಬೇಲಿ. ಒಂದು ಕಬ್ಬಿಣದ ಗೇಟು, ಅದಕ್ಕೆ ಬೀಗ. ತಂತಿ ಮುಟ್ಟಬೇಡಿ ಎಂದು ಬೋರ್ಡು. ಬಾಳೆ ನನ್ನ ಎದೆಯ ಎತ್ತರ ಬೆಳೆದಿತ್ತು. ರಸ್ತೆಯಿಂದ ಕಲ್ಲುಗಳೂ ಕಾಣುವುದಿಲ್ಲ.

ಫೋನ್ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದ.

“ಬತ್ತೀನಿ ಇರಕ್ಕ. ಮೊದ್ಲೇ ಒಂದ್ ಮಾತ್ ಏಳಿದ್ರ ಗೇಟ್ ತಗ್ದಿಟ್ಟಿರ್ತಿರ್ನಿಲ್ವ?”

ಮುಕ್ಕಾಲು ಗಂಟೆ ರಸ್ತೆಯ ಬದಿಯಲ್ಲಿ ನಿಂತೆ. ಹೋಗುವ ಬರುವವರೆಲ್ಲ ಯಾಕವ್ವ ನಿಂತಿದ್ದೀಯೆ ಎಂದು ಕೇಳಿದರು. ಗಂಡನನ್ನು ನೋಡಲು ಎಂದು ಹೇಳಲಾಗುತ್ತದೆಯೇ? ಆತ ಬೈಕಿನಲ್ಲಿ ಬಂದ. ಬೀಗ ತೆಗೆದ. ಬಾಳೆ ಎಲೆ ಪಕ್ಕಕ್ಕೆ ಸರಿಸಿಕೊಂಡು ಮುಂದೆ ನಡೆದ, ಪೈಪು ತುಳಿಯಬೇಡಿ ಎಂದು ಪ್ರತಿ ಸಾಲಿಗೂ ಹೇಳುತ್ತ. ಸಮಾಧಿಯ ಬಳಿ ಹೋದ ಮೇಲೆ ಚಪ್ಪಲಿ ಬಿಟ್ಟು, ಕೈ ಮುಗಿದು, ಪಕ್ಕದಲ್ಲಿ ನಿಂತ. ನಿಂತೇ ಇದ್ದ. ಗೇಟಿಗೆ ಮತ್ತೆ ಬೀಗ ಹಾಕಬೇಕಲ್ಲ. ನಾನು ಹೂವಿಟ್ಟೆ, ವಿಭೂತಿ ಹಚ್ಚಿದೆ. ಅಂಗಡಿಯನ್ನು ಬಾಡಿಗೆಗೆ ಕೊಟ್ಟ ವಿಷಯ ಹೇಳಬೇಕೆಂದು ಬಂದಿದ್ದೆ. ಆತ ಕೆಮ್ಮಿದ. ನಾನು ಎದ್ದೆ.

ಹೊರಗೆ ಬಂದ ಮೇಲೆ ಕೇಳಿದೆ, “ಎರಡಡಿ ದಾರಿ ಬಿಟ್ಟು, ಅದನ್ನ ಕಾಗದದಲ್ಲಿ ಬರ್ಕೊಡಪ್ಪ.”

ಆತನಿಗೆ ನಿಜವಾಗಿಯೂ ನೋವಾಯಿತು. “ದಾರಿಗೇನಕ್ಕ ಕಾಗ್ದ? ನೀವ್ ಬತ್ತೀನಿ ಅಂದ್ರ ಬ್ಯಾಡ ಅಂದಿವ್ನ ಯಾವತ್ತಾರ? ಒಂದ್ ಫೋನ್ ಮಾಡಿ, ಬಂದ್ ತಗ್ದ್ಕೊಡ್ತೀನಿ. ಅಣ್ಣುನ್ ಕೂರ್ಸಕ ಗುಣಿ ತಗ್ದವ್ನು ನಾನು.”

ಹೌದು, ಗುಣಿ ತೆಗೆದವನು ಅವನೇ. ನಾನು ಬಸ್ಸು ಹತ್ತಿದೆ.

ಪತ್ರ ಬರೆಯುವವರನ್ನು ಕೇಳಿದೆ. ದಾರಿಯ ಹಕ್ಕು ಎಂದು ಬೇರೆಯಾಗಿ ಬರೆಸಬೇಕು, ಇಬ್ಬರೂ ಬರಬೇಕು ಎಂದರು. ಅಂದು ಯಾಕೆ ಹೇಳಲಿಲ್ಲ ಎಂದೆ. “ನೀವು ಕೇಳಲಿಲ್ಲವಲ್ಲಮ್ಮ,” ಎಂದರು. ಜಮೀನಿನವನಿಗೆ ಫೋನ್ ಮಾಡಿದೆ. ಬುಧವಾರ ಬತ್ತೀನಿ ಎಂದ. ಬುಧವಾರ ಬೆಳಿಗ್ಗೆಯಿಂದ ಆ ಕಚೇರಿಯ ಮುಂದಿನ ಬೆಂಚಿನಲ್ಲಿ ಕುಳಿತೆ. ಮಧ್ಯಾಹ್ನ ಫೋನ್ ಮಾಡಿದರೆ, “ಮಾದಪ್ಪನ್ ಬೆಟ್ಟಕ್ ಬಂದ್ಬುಟ್ಟಿವ್ನಿ ಕಣಕ್ಕ, ಅರ್ಕೆ ಇತ್ತು. ನಿಮ್ಗೂ ಪ್ರಸಾದ ತತ್ತೀನಿ,” ಎಂದ. ಪ್ರಸಾದ ತಂದುಕೊಟ್ಟ. ಅದರ ಮುಂದಿನ ಬುಧವಾರ ಬಾಳೆಗೆ ಔಷಧಿ ಹೊಡೆಯುವುದಿತ್ತು. ಅದರ ಮುಂದಿನದಕ್ಕೆ ಆತನ ತಾಯಿಗೆ ಹುಷಾರಿರಲಿಲ್ಲ, ನಾನೇ ಹಣ್ಣು ತೆಗೆದುಕೊಂಡು ಹೋಗಿ ನೋಡಿಕೊಂಡು ಬಂದೆ. ದೊಡ್ಡಪ್ಪನಿಗೆ ಹೇಳಿದರೆ, “ಅವ್ನ್ ಬ್ಯಾಡ ಅಂದವ್ನ? ಇಲ್ವಲ್ಲ. ಸುಮ್ಕ ಯಾಕವ್ವ ನಿಷ್ಠೂರ?” ಎಂದರು. ನಮ್ಮಣ್ಣ ಕೋರ್ಟಿಗೆ ಹಾಕು ಎಂದ. ಸಮಾಧಿಗೆ ಗುದ್ದಲಿ ಹಿಡಿದವನ ಮೇಲೆ ಕೋರ್ಟಿಗೆ ಹೋಗುವಷ್ಟು ಕಲ್ಲು ನನ್ನ ಮನಸ್ಸಾಗಿಲ್ಲ. ಅದು ಆತನಿಗೂ ಗೊತ್ತು.

ನನ್ನ ಗಂಡ ಇದ್ದಿದ್ದರೆ ಇದರಲ್ಲೇನಿದೆ ಎನ್ನುತ್ತಿದ್ದರು. ಅವರಿಗೆ ಜಗತ್ತೆಲ್ಲ ಮಾತಿನ ಮೇಲೆ ನಿಂತಿತ್ತು. ನಿಲ್ಲುತ್ತಲೂ ಇತ್ತು, ಅವರು ಇದ್ದಷ್ಟು ದಿನ. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಎದುರೆದುರು ಸಿಗುತ್ತಿದ್ದರಲ್ಲ. ಹೋದವರಿಗೆ ಕೊಟ್ಟ ಮಾತನ್ನು ಉಳಿದವರು ಹೋಗಿ ಕೇಳಿದರೆ ಅದು ಬೇಡುವ ಹಾಗೆ ಕೇಳಿಸುತ್ತದೆ. ಇದನ್ನು ಅವರಿಗೆ ಹೇಳಬೇಕು, ಸ್ವಲ್ಪ ಬೈಯಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೈ ಮುಗಿದು ನಿಂತಿರುವಾಗ ಬೈಯುವುದು ಹೇಗೆ?

ಕಳೆದ ಎರಡು ಅಮಾವಾಸ್ಯೆ ನಾನು ಹೋಗಿಲ್ಲ. ಎರಡೂ ಕಾಗದ ನನ್ನ ಪೆಟ್ಟಿಗೆಯಲ್ಲಿವೆ. ಜಾಗ ಎಷ್ಟು, ಕಲ್ಲು ಎಷ್ಟು, ಸಾಕ್ಷಿ ಯಾರು ಎಲ್ಲ ಬರೆದಿದೆ. ರಸ್ತೆಯಿಂದ ಅವರ ಸಮಾಧಿಯವರೆಗೆ ದಾರಿ ಇಲ್ಲ.